ಅತಾವುಲ್ಲಾ ಒರೆಸಿದ ಕಪ್ಪು ಗೆರೆ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯಲ್ಲಿ, ಇನ್ನೇನು ಊರು ಮುಗಿಯಿತು ಅನ್ನುವಷ್ಟರಲ್ಲಿ ತಗಡಿನ ಚಪ್ಪರದ ಒಂದು ಅಂಗಡಿ ಸಿಗುತ್ತದೆ. ಅದು ಅತಾವುಲ್ಲಾನದು. ಮೂವತ್ತು ವರ್ಷದಿಂದ ವಾಹನಗಳಿಗೆ ಬಣ್ಣ ಹೊಡೆಯುವುದೇ ಅವನ ಕಸುಬು. ಲಾರಿ, ಟ್ರ್ಯಾಕ್ಟರು, ಮದುವೆ ಬ್ಯಾಂಡಿನವರ ಗಾಡಿ, ಯಾವುದಕ್ಕೂ ಇಲ್ಲ ಅಂದವನಲ್ಲ. ಆದರೆ ಈ ಐದಾರು ವರ್ಷದಲ್ಲಿ ಅವನಿಗೆ ಹೆಸರು ಬಂದದ್ದು ಬಣ್ಣ ಹೊಡೆದು ಅಲ್ಲ, ಬಣ್ಣದ ಮೇಲೆ ಕೂತ ರಬ್ಬರ್ ತೆಗೆದು.

ರಬ್ಬರ್ ಎಲ್ಲಿಂದ ಬಂತು ಅಂತೀರಾ? ತಾಳಿ, ಹೇಳುತ್ತೇನೆ. ಗುಡೇಕೋಟೆ ದಾರಿಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ದೊಡ್ಡದೊಂದು ಡಾಂಬರಿನ ಅಂಗಳ ಇತ್ತು. ಗಣಿ ನಿಂತಿತು, ಲಾರಿಗಳು ಹೋದವು, ಅಂಗಳ ಉಳಿಯಿತು. ಯಾರೋ ಕಾಸಿದ್ದವರು ಅದನ್ನೇ ಕಾರು ರೇಸಿನ ಟ್ರ್ಯಾಕು ಮಾಡಿದರು. ಭಾನುವಾರ ಬಂದರೆ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಯ ಕಾರುಗಳು ಅಲ್ಲಿ ಗಿರಗಿರ ತಿರುಗುತ್ತವೆ. ಏನು ಶೋಕಿಯೋ ಏನೋ, ಹೊರಟಲ್ಲಿಗೇ ಬಂದು ಮುಟ್ಟುವುದಕ್ಕೆ ಅಷ್ಟೊಂದು ಅವಸರ! ಕಾದ ಡಾಂಬರಿನ ಮೇಲೆ ಟೈರು ಕರಗಿ, ಚೂರುಗಳು ಸಿಡಿದು ಕಾರಿನ ಮೈಗೆ ಅಂಟಿಕೊಳ್ಳುತ್ತವೆ. ಗಾಲಿಯ ಹಿಂದುಗಡೆ ಮುಟ್ಟಿ ನೋಡಿದರೆ ಸಾಸಿವೆ ಎರಚಿದ ಹಾಗೆ ಗರಗರ ಅನ್ನುತ್ತದೆ.

ಉಗುರಿನಿಂದ ಕೆರೆದರೆ ಬಣ್ಣವೂ ಎದ್ದು ಬರುತ್ತದೆ. ಅತಾವುಲ್ಲಾ ಕೆರೆಯುವುದಿಲ್ಲ. ಹಳೇ ಪಂಚೆಯ ತುಂಡನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕಲೆಯ ಮೇಲೆ ಹಾಸಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಡುತ್ತಾನೆ. ಆಮೇಲೆ ಒಂದೇ ದಿಕ್ಕಿಗೆ ಎಳೆದು, ಸೋಪಿನ ನೀರಿನಲ್ಲಿ ತೊಳೆಯುತ್ತಾನೆ. ಅದಕ್ಕಿಂತ ಮುಖ್ಯವಾದದ್ದು ರೇಸಿಗೆ ಮುಂಚಿನ ಕೆಲಸ. ಕತ್ತರಿಸಿ ತಂದ, ಇನ್ನೂ ತೊಳೆಯದ ಕುರಿ ಉಣ್ಣೆಯಿಂದ ಕಾರನ್ನು ಚೆನ್ನಾಗಿ ಉಜ್ಜುತ್ತಾನೆ. ಆ ಜಿಡ್ಡು ಬಣ್ಣದ ಮೇಲೆ ಕೂತಿತೆಂದರೆ ರಬ್ಬರ್ ಅಂಟಿದರೂ ಬೇರು ಬಿಡುವುದಿಲ್ಲ. ಈ ಉಪಾಯ ಹೇಳಿಕೊಟ್ಟವನು ಗುಡೇಕೋಟೆಯ ಕುರಿಗಾರ ಚೌಡಣ್ಣ.

"ಮಳ್ಯಾಗ ಕುರಿ ನೆನಿತೈತೇನ್ರಿ ಸಾಬ್ರ? ಮ್ಯಾಲಿನ ನೀರು ಮ್ಯಾಲ ಜಾರತೈತಿ. ನಿಮ್ಮ ಕಾರಿಗೂ ಅದನ್ನ ಹಚ್ರಿ" ಅಂದಿದ್ದ. ತಿಂಗಳಿಗೊಮ್ಮೆ ಮೊಪೆಡ್ಡಿನ ಹಿಂದೆ ಉಣ್ಣೆಯ ಗಂಟು ಕಟ್ಟಿಕೊಂಡು ಬರುತ್ತಿದ್ದ. ಬಂದನೆಂದರೆ ಒಂದು ತಾಸು ಹರಟೆ, ಎರಡು ಚಹಾ.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿನ ಒಂದು ಭಾನುವಾರ. ಚೌಡಣ್ಣ ಉಣ್ಣೆ ಇಳಿಸಿ, ಮೂರು ಗಂಟೆಗೆ ಊರಿಗೆ ಹೊರಟ. ಸಂಜೆ ದುರುಗೇಶ್ ತನ್ನ ಕೆಂಪು ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಈ ದುರುಗೇಶ್ ಟ್ರ್ಯಾಕಿನಲ್ಲಿ ಹೆಸರು ಮಾಡಿದವನು. ಅತಾವುಲ್ಲಾನ ಅರ್ಧ ಗಿರಾಕಿಗಳನ್ನು ಕರೆತಂದವನೂ ಅವನೇ.

"ಚಾಚಾ, ಜಲ್ದಿ ಒರಿಸಿಕೊಡ್ರಿ, ಊರಿಗೆ ಹೋಗಬೇಕು" ಅಂದ. ಮುಖ ನೋಡಿ ಮಾತಾಡಲಿಲ್ಲ.

ಗಾಲಿಯ ಹಿಂದೆ ಎಂದಿನ ಚುಕ್ಕೆಗಳಿದ್ದವು. ಆದರೆ ಎಡಗಡೆ ಮುಂದಿನ ದೀಪದ ಕೆಳಗೆ ಗೇಣುದ್ದದ ಒಂದು ಕಪ್ಪು ಗೆರೆ. ಒಂದೇ ಎಳೆತದಲ್ಲಿ ನುಣ್ಣಗೆ ಬಳಿದುಕೊಂಡಿತ್ತು. ಅತಾವುಲ್ಲಾ ಬೆರಳಾಡಿಸಿ ನೋಡಿದ.

"ಇದು ಟ್ರ್ಯಾಕಿಂದಲ್ಲ ತಮ್ಮಾ."

"ಟ್ರ್ಯಾಕಿಂದ ಚಾಚಾ. ತಿರುವಿನಾಗ ಟೈರಿನ ಗ್ವಾಡಿಗೆ ಸವರಿತು."

ತಿರುವುಗಳಲ್ಲಿ ಕಾರು ಹೊರಗೆ ಹಾರದ ಹಾಗೆ ಹಳೇ ಲಾರಿ ಟೈರುಗಳನ್ನು ಗೋಡೆಯಂತೆ ಪೇರಿಸಿದ್ದರು, ನಿಜ. ಆದರೆ ಆ ಟೈರುಗಳಿಗೆಲ್ಲ ಹದಿನೈದು ದಿನದ ಹಿಂದೆ ಬಿಳಿ ಬಣ್ಣ ಹೊಡೆದವನು ಅತಾವುಲ್ಲಾನೇ. ಅವಕ್ಕೆ ಸವರಿದ್ದರೆ ಗೆರೆಯಲ್ಲಿ ಬಿಳಿ ಇರಬೇಕಿತ್ತು. ಕೂದಲೆಳೆಯಷ್ಟೂ ಇರಲಿಲ್ಲ. ಇದು ಬೇರೆ ಯಾವುದೋ ಗಾಡಿಯ ಟೈರು ಎಂದು ಅವನಿಗೆ ಗೊತ್ತಾಯಿತು. ಗೊತ್ತಾಗಿಯೂ, ಊರ ಉಸಾಬರಿ ನನಗ್ಯಾಕೆ ಅಂದುಕೊಂಡು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ. ಕಾಲು ಗಂಟೆಯಲ್ಲಿ ಗೆರೆ ಹೋಯಿತು.

ಮರುದಿನ ಬೆಳಿಗ್ಗೆ ಸುದ್ದಿ ಬಂತು. ಗುಡೇಕೋಟೆ ದಾರಿಯ ಹಳ್ಳದಲ್ಲಿ ಚೌಡಣ್ಣನ ಹೆಣ, ಅದರ ಮೇಲೆ ಮೊಪೆಡ್ಡು. ಪಕ್ಕದಲ್ಲಿ ಯಾರು ಕುಡಿದು ಎಸೆದದ್ದೋ, ಒಂದು ಖಾಲಿ ಬಾಟಲಿ ಬೇರೆ. ತಾನೇ ಬಿದ್ದು ಸತ್ತ ಎಂದು ಪೊಲೀಸರು ಕಾಗದದಲ್ಲಿ ಬರೆದರು. ಕುಡಿದು ಬಿದ್ದ ಎಂದು ಊರು ಸೇರಿಸಿತು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಅತಾವುಲ್ಲಾ ಮಣ್ಣಿಗೆ ಹೋಗಿ ಬಂದ. ಅಂದಿನಿಂದ ಶುರುವಾಯಿತು ನೋಡಿ. ಯಾವ ಕಾರು ಒರೆಸಲು ಕೂತರೂ ದೀಪದ ಕೆಳಗೆ ಗೇಣುದ್ದದ ಗೆರೆ. ಕಣ್ಣುಜ್ಜಿ ನೋಡಿದರೆ ಇಲ್ಲ. ಮನೆಯ ಗೋಡೆಯ ಮೇಲೆ, ನಮಾಜಿಗೆ ಹಾಸಿದ ಚಾಪೆಯ ಮೇಲೆ ಅದೇ ಗೆರೆ. ನಮಾಜಿಗೆ ಮುಂಚೆ ವಜೂ ಮಾಡುವಾಗ ಮೂರು ಸಲ ತೊಳೆಯುವ ಕೈಯನ್ನು ಆರು ಸಲ ತೊಳೆದರೂ ರಬ್ಬರಿನ ವಾಸನೆ. ರಸ್ತೆಯಲ್ಲಿ ಮೊಪೆಡ್ಡಿನ ಸದ್ದು ಕೇಳಿದರೆ, ಚೌಡಣ್ಣ ಬಂದ ಅಂತ ಎದ್ದೇ ನಿಲ್ಲುತ್ತಿದ್ದ. ಎಲ್ಲಕ್ಕಿಂತ ಕೆಟ್ಟದ್ದು ಒಂದು ಯೋಚನೆ. ಆ ಸಂಜೆ ತಾನು ಬಾಯಿಬಿಟ್ಟು ಯಾರಾದರೂ ಆ ದಾರಿಗೆ ಹೋಗಿ ನೋಡಿದ್ದರೆ? ಹಳ್ಳದಲ್ಲಿ ಚೌಡಣ್ಣನಿಗೆ ಎಷ್ಟು ಹೊತ್ತಿನ ತನಕ ಜೀವ ಇತ್ತೋ!

"ಏನ್ರಿ, ಗ್ವಾಡಿ ಯಾಕ ತಿಕ್ಕಾಕತ್ತೀರಿ?" ಅಂದಳು ಒಂದು ದಿನ ಅವನ ಹೆಂಡತಿ ಖಾಸಿಂ ಬೀ.

"ಕಲಿ ಐತಿ."

"ನನಗ ಕಾಣವಲ್ದು. ಏನಾಗೈತಿ ಹೇಳ್ರಿ."

ಅವಳ ಮುಂದೆ ಎಲ್ಲ ಹೇಳಿಬಿಟ್ಟ. ಖಾಸಿಂ ಬೀ "ಹೋಗಿ ಠಾಣ್ಯಾಗ ಹೇಳ್ರಿ" ಅಂದಳು.

"ಏನಂತ ಹೇಳ್ಲಿ? ಗುರುತು ಅಳಿಸಿದೋನು ನಾನ. ಇನ್ನೇನು ಸಾಕ್ಷಿ ಉಳದೈತಿ? ನನ್ನನ್ನ ಒಳಗ ಹಾಕ್ತಾರ."

"ಹಾಕಿದ್ರ ಹಾಕ್ಲಿ. ಈಗೇನು ಹೊರಗ ಅದೀರೇನು?"

ಅತಾವುಲ್ಲಾನದು ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು, ನುಂಗಲಾರ, ಉಗುಳಲಾರ. ಹಾಗೇ ಎಂಟು ತಿಂಗಳು ಕಳೆದ.

ಈಚೆಗೆ ಒಂದು ಮಂಗಳವಾರ ಮಧ್ಯಾಹ್ನ ಅಂಗಡಿಯ ಮುಂದೆ ಗೂಡ್ಸ್ ಆಟೋ ನಿಂತಿತು. ಇಳಿದವಳು ಚೌಡಣ್ಣನ ಹೆಂಡತಿ ಭರಮಮ್ಮ. ಆಟೋದಲ್ಲಿ ಆ ಮೊಪೆಡ್ಡು.

"ಪೊಲೀಸ್ರು ಈಗ ಬಿಟ್ಟು ಕೊಟ್ರು ಅಣ್ಣಾರ. ನಮ್ಮ ತಮ್ಮ ಓಡಿಸ್ತೀನಿ ಅಂತಾನ. ಆದ್ರ ಹಿಂದಿನ ತಗಡಿನ ಮ್ಯಾಲ ನೋಡ್ರಿ, ನನ್ನ ಗಂಡನ ರಕ್ತ. ಬೂದಿ ಹಾಕಿ ತಿಕ್ಕಿದೆ, ಹುಣಸಿಹಣ್ಣು ಹಚ್ಚಿದೆ, ಹೋಗವಲ್ದು. ನೀವು ಎಂಥಾ ಕಲೀನೂ ತೆಗೀತೀರಂತಲ್ಲ, ತೆಗದು ಕೊಡ್ರಿ. ನೋಡಿದ್ರ ಹೊಟ್ಟಿ ಉರಿತೈತಿ."

ಅತಾವುಲ್ಲಾ ಬಗ್ಗಿ ನೋಡಿದ. ಎಂಟು ತಿಂಗಳ ರಕ್ತ ಎಲ್ಲಾದರೂ ಕೆಂಪಗಿರುತ್ತದೆಯೇ? ಮಡ್‌ಗಾರ್ಡಿನ ಮೇಲೆ ಎರಡು ಬೆರಳಗಲ ಮೆತ್ತಿಕೊಂಡಿದ್ದದ್ದು ಬಣ್ಣ. ಯಾರ ಬಳಿಯೂ ಇಲ್ಲದ ಕೆಂಪು ಬೇಕು ಅಂತ ದುರುಗೇಶ್ ಹಟ ಹಿಡಿದಾಗ, ಕೆಂಪಿಗೆ ತಾಮ್ರದ ಪುಡಿ, ಹನಿ ನೇರಳೆ ಸೇರಿಸಿ ಮೂರು ದಿನ ಅಂದಾಜಿನ ಮೇಲೆ ಕಲಸಿದ ಬಣ್ಣ. ಅದನ್ನು ಇನ್ನೊಮ್ಮೆ ಕಲಸು ಅಂದರೆ ಅವನಿಗೇ ಆಗದು. ಬಿಸಿಲಿಗೆ ತಾಮ್ರ ಮಿಣುಕುತ್ತಿತ್ತು. ಮಹಜರು ಮಾಡಿದವರೂ ರಕ್ತ ಅಂದುಕೊಂಡರೋ, ಸರಿಯಾಗಿ ನೋಡಲೇ ಇಲ್ಲವೋ!

ಅಭ್ಯಾಸದ ಕೈ ತಾನಾಗಿ ತಿನ್ನರಿನ ಡಬ್ಬಿ ಎತ್ತಿಕೊಂಡಿತು. ಒಂದು ಸಲ ಎಳೆದರೆ ಮುಗಿಯಿತು, ಮತ್ತೆ ಯಾರಿಗೂ ಗೊತ್ತಾಗುವುದಿಲ್ಲ. ಅದು ಎಷ್ಟು ಸಲೀಸು ಅನ್ನಿಸಿತೋ ಅಷ್ಟೇ ಹೆದರಿಕೆಯೂ ಆಯಿತು. ಡಬ್ಬಿಯನ್ನು ಕೆಳಗಿಟ್ಟ.

"ಭರಮವ್ವಾ, ಇದು ರಕ್ತ ಅಲ್ಲ. ನಾ ಕಲಸಿದ ಬಣ್ಣ. ದುರುಗೇಶನ ಕಾರಿಂದು" ಅಂದ. ನಿಂತಲ್ಲೇ ನಿಂತು ಎಲ್ಲ ಹೇಳಿದ. ಕಪ್ಪು ಗೆರೆ, ಅದರಲ್ಲಿ ಇರದ ಬಿಳಿ, ಸೀಮೆಎಣ್ಣೆಯ ಬಟ್ಟೆ. "ಆ ಕಾರಿಗೆ ಚೌಡಣ್ಣ ತಂದ ಉಣ್ಣೀನ ಹಚ್ಚಿದ್ದೆ. ಅದಕ್ಕ ಗುರುತು ಅಷ್ಟು ಸಲೀಸಾಗಿ ಅಳಿಸಿ ಹೋತು. ನಾ ಪಾಪಿ ಅದೀನಿ ತಂಗಿ. ಚಪ್ಪಲಿ ತಗೊಂಡು ಹೊಡಿ."

ಅವಳು ಹೊಡೆಯುತ್ತಾಳೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಅಂತ ಕಾದ. ಭರಮಮ್ಮ ಬೇರೆಯೇ ಕೇಳಿದಳು.

"ಹಂಗಾದ್ರ, ಅವ ಕುಡಿದಿರಲಿಲ್ಲೇನ್ರಿ?"

"ಮೂರು ಗಂಟಿ ತನಕ ಇಲ್ಲೇ ಇದ್ದ. ಚಹಾ ಬಿಟ್ಟು ಏನೂ ಕುಡಿದಿಲ್ಲ. ಅಲ್ಲಾನ ಆಣಿ."

ಭರಮಮ್ಮ ಅಲ್ಲೇ ನೆಲದ ಮೇಲೆ ಕೂತಳು. "ಮೈಲಾರಲಿಂಗಪ್ಪನ ಮುಂದ ಆಣಿ ಮಾಡಿ ಕುಡಿಯೋದು ಬಿಟ್ಟಿದ್ನಲ್ರಿ. ಆಣಿ ಮುರದು ಸತ್ತ ಅಂತ ನಾನೂ ನಂಬಿದೆ. ಹೆಸರೆತ್ತಿ ಒಂದಿನ ಅಳಲಿಲ್ಲ. ಮಾರ್ನಮಿ ಅಮಾಸಿಗೆ ಎಲ್ಲಾರ ಮನ್ಯಾಗೂ ಸತ್ತೋರಿಗೆ ಎಡಿ ಇಟ್ರು. ನಾ ಇಡಲಿಲ್ಲ. ಹಸದು ಕುಂದ್ರು ಅಂದೆ ಅವಗ."

ಅತಾವುಲ್ಲಾನಿಗೆ ಅಳು ತಡೆಯಲಾಗಲಿಲ್ಲ. ಮೋರೆ ಒರೆಸಿಕೊಂಡು, "ಏಳು ತಂಗಿ, ಠಾಣಿಗೆ ಹೋಗಾನು. ನಾ ಒರಿಸಿದ್ದನ್ನ ನನ್ನ ಬಾಯಿಲೇ ಹೇಳ್ತೀನಿ" ಅಂದ.

"ನೀವು ಗಾಡಿ ತಗೊಂಡು ಮುಂದ ಹೋಗ್ರಿ, ನಾ ಆಮ್ಯಾಲ ಬರ್ತೀನಿ" ಅಂದಳು ಭರಮಮ್ಮ, ಸೆರಗು ಕೊಡವಿಕೊಂಡು ಏಳುತ್ತ. "ಮೊದ್ಲು ಮನಿಗೆ ಹೋಗಿ ಅಡಿಗಿ ಮಾಡ್ಬೇಕು. ಎಂಟು ತಿಂಗಳಾತು, ಅವ ಉಂಡಿಲ್ಲ."