ನಿಮ್ಮಮ್ಮನ ಟೊಮೆಟೊ ಗಿಡಗಳು

ನಾನು ಚಿಕ್ಕವಳಿದ್ದಾಗ ಅಂತ ಶುರು ಮಾಡಿದರೆ ಕಾನ್ವೆಂಟಿನ ಕಥೆಯೇ ಬರುತ್ತದೆ, ಅದನ್ನು ಕೇಳಿ ಕೇಳಿ ನಿಮಗೆ ಬೋರ್ ಆಗಿದೆ. ಇವತ್ತು ನಿಮ್ಮಮ್ಮ ಚಿಕ್ಕವಳಿದ್ದಾಗಿನ ಒಂದು ದಿನದ ಮಾತು ಹೇಳುತ್ತೇನೆ.

ಅದು ತೊಂಬತ್ತರ ದಶಕ. ನಾವು ಮೊಳಕಾಲ್ಮೂರಿನಲ್ಲಿದ್ದೆವು. ಬೀದಿಯುದ್ದಕ್ಕೂ ಮಗ್ಗದ ಸದ್ದು. ನಲ್ಲಿಯಲ್ಲಿ ನೀರು ಬಂದ ದಿನವೇ ಹಬ್ಬ. ಕೊಡ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿಡುತ್ತಿದ್ದೆವು. ಅಂಥ ಊರಲ್ಲಿ ನಿಮ್ಮಮ್ಮ ಹಿತ್ತಲಿನಲ್ಲಿ ಟೊಮೆಟೊ ಸಸಿ ನೆಟ್ಟಳು. ಆ ಜಾಗ ನಿಮ್ಮ ತಾತನದು. ಸೀರೆಗೆ ಬೇಕಾದ ರೇಷ್ಮೆ ಎಳೆಗಳನ್ನು ಅವರು ಅಲ್ಲೇ ಉದ್ದಕ್ಕೆ ಎಳೆದು ಕಟ್ಟುತ್ತಿದ್ದರು.

ಹಳದಿ ಹೂವು ಬಿಡುವ ಹೊತ್ತಿಗೆ ಗಿಡಗಳು ಬಾಡಿದವು. ಮಧ್ಯಾಹ್ನದ ಬಿಸಿಲಿಗೆ ಜೋತುಬಿದ್ದರೆ ಸಂಜೆಗೆ ಎದ್ದು ನಿಲ್ಲಬೇಕು. ಇವು ಬೆಳಗಿನ ತಂಪಿನಲ್ಲೂ ತಲೆ ಎತ್ತಲಿಲ್ಲ. ಭಾನುವಾರದವರೆಗೆ ನೋಡೋಣ, ಆಮೇಲೆ ಕಿತ್ತು ನನ್ನ ಕೆಲಸ ಶುರು ಮಾಡ್ತೀನಿ ಅಂದರು ತಾತ. ನಿಮ್ಮಮ್ಮನಿಗೆ ಊಟ ಸೇರಲಿಲ್ಲ.

ಭಾನುವಾರ ಸಂಜೆ ಅವಳು ಗಿಡಗಳ ಮುಂದೆ ಥೇಟ್ ಡಾಕ್ಟರ್ ಹಾಗೆ ಕೂತಳು. ಎಲೆ ಮಗುಚಿ ನೋಡಿದಳು, ಹುಳ ಇಲ್ಲ. ಮೇಲಿನ ಮಣ್ಣು ದಿನದ ಬಿಸಿಲಿಗೆ, ಗಾಳಿಗೆ ಒಣಗಿ ಬಿರುಕು ಬಿಟ್ಟಿತ್ತು. ಬಾಯಾರಿಕೆಯೇ ಇರಬೇಕು, ನೀರು ತರಲಾ ಅಂದೆ. ಅವಳು ಬುಡಕ್ಕೆ ಬೆರಳು ಚುಚ್ಚಿ, ತೆಗೆದು, ನನ್ನ ಮೂಗಿಗೆ ಹಿಡಿದಳು. ಕರಿ ಕೆಸರು, ಕೊಳೆತ ವಾಸನೆ.

"ಅವ್ವಾ, ಕೆಳಗೆಲ್ಲ ರಾಡಿ ಐತೆ. ನಾನು ಹಾಕೋದು ಒಂದೇ ಚೊಂಬು. ಮತ್ಯಾರು ಹಾಕ್ತಾರೆ?"

ತಾತನ ಅವ್ವ, ನಮ್ಮತ್ತೆ, ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಪಾಪ ಒಣಗ್ತಾವೆ ಅಂತ ಅಕ್ಕಿ ತೊಳೆದ ನೀರನ್ನು ದಿನಾ ಸುರಿಯುತ್ತಿದ್ದರಂತೆ. ಪಾತ್ರೆ ಗಲಬರಿಸಿದ ನೀರನ್ನು ನಾನೂ ಅಲ್ಲಿಗೇ ಚೆಲ್ಲುತ್ತಿದ್ದೆ. ಆದರೂ ಅಷ್ಟಕ್ಕೇ ಇಷ್ಟು ಕೆಸರಾಗದು. ಎಲ್ಲರೂ ತಾತನ ಕಡೆ ತಿರುಗಿದೆವು. ಅವರು ಆಕಾಶ ನೋಡುತ್ತಿದ್ದರು.

"ಏನ್ರೀ, ನೀವೂನಾ?"

"ಬೆಳಿಗ್ಗೆ ಎದ್ದ ತಕ್ಷಣ ಒಂದು ಕೊಡ. ಮಗು ಹಾಕಿದ ಗಿಡ, ಸಾಯ್ಲಿ ಅಂತ ಬಿಡಕ್ಕಾಗ್ತೈತೇನೇ?"

"ಕೀಳ್ತೀನಿ ಅಂತ ಕುಣಿದೋನು ನೀನೇ ಅಲ್ವೇನೋ" ಅಂದರು ಅತ್ತೆ. ನಗು ತಡೆಯಲಾಗಲಿಲ್ಲ. ಕುಡಿಯುವ ನೀರಿಗೆ ಪರದಾಡುವ ಊರಲ್ಲಿ ನಮ್ಮ ಗಿಡಗಳು ಮುಳುಗಿ ಸಾಯುತ್ತಿದ್ದವು! ಇಮ್ಯಾಜಿನ್.

ಆಮೇಲೆ ನಿಮ್ಮಮ್ಮನದೇ ಆರ್ಡರ್: ಅವಳು ಹೇಳುವವರೆಗೆ ಯಾರೂ ನೀರು ಹಾಕುವಂತಿಲ್ಲ. ತಾತ ನೀರು ಬಸಿದುಹೋಗಲು ಕಾಲುವೆ ತೋಡಿದರು. ಬುಡದ ಮಣ್ಣನ್ನು ಬೇರಿಗೆ ತಾಗದಂತೆ ಸಡಿಲಿಸಿದೆವು, ಹಳದಿ ಎಲೆ ಚಿವುಟಿದೆವು, ನನ್ನ ಹಳೇ ಸೀರೆಯ ನೆರಳು ಕಟ್ಟಿದೆವು. ಒಂದು ಗಿಡ ಹೋಯಿತು. ಉಳಿದವು ಮೆಲ್ಲಗೆ ಕತ್ತೆತ್ತಿ ಚಿಗುರಿದವು. ತಾತ ಅಡ್ಡ ಬಂದ ಎಮ್ಮೆಗಳನ್ನೆಲ್ಲ ಬೈಯುತ್ತ ತಮ್ಮ ರೇಷ್ಮೆ ಎಳೆಗಳನ್ನು ಬೀದಿಯಲ್ಲೇ ಎಳೆದು ಕಟ್ಟಿಕೊಂಡರು. ಆ ಗಿಡದ ಹಣ್ಣಿನ ಸಾರಿನ ಘಮ, ಓಹ್, ಈಗಲೂ ಮೂಗಿನಲ್ಲಿದೆ.

ನಿಮ್ಮ ಬಾಲ್ಕನಿಯ ಕುಂಡಗಳಿಗೆ ಟೈಮರ್ ಇಟ್ಟ ಪೈಪಿನಿಂದ ಹನಿಹನಿಯಾಗಿ ನೀರು ಬೀಳುತ್ತದೆ. ವೆರಿ ಸೆನ್ಸಿಬಲ್. ನಿಮ್ಮ ಗಿಡಗಳು ಒಂದು ದಿನವೂ ಬಾಡಿಲ್ಲ. ಅವುಗಳ ಮುಂದೆ ಕೂತು ಇವತ್ತು ಹೇಗಿವೆ ಅಂತ ಯಾರೂ ನೋಡಿದ್ದೂ ಇಲ್ಲ. ಸಂಜೆ ನಿಮ್ಮಮ್ಮ ಆಫೀಸಿನಿಂದ ಬರಲಿ, ಎಲ್ಲರೂ ಹೋಗಿ ಸ್ವಲ್ಪ ಹೊತ್ತು ಕೂರೋಣ. ಯಾರೂ ನೀರು ತರಬೇಡಿ.