ಹನ್ನೊಂದು ರೂಪಾಯಿಯ ಕಲಾಯಿ

ಹಂಡೆಗೆ ಕಲಾಯಿ ಹಾಕಿಸಲು ನಾನು ಕೊಟ್ಟದ್ದು ಹನ್ನೊಂದು ರೂಪಾಯಿ. ಕಲಾಯಿಯವನು ಕೇಳಿದ್ದು ಹದಿನೆಂಟು. ಏಳು ರೂಪಾಯಿ ಉಳಿಸಿದ್ದು ಬಡತನದಿಂದಲ್ಲ, ಚಟದಿಂದ. ಮಿರಜ ಸ್ಟೇಷನ್ನಿನ ಹೊರಗೆ ಒಂದು ಗಡಿಗೆ ಮಜ್ಜಿಗೆಯಿಂದ ಶುರು ಮಾಡಿ ಶರಬತ್ತಿನ ಅಂಗಡಿ ಕಟ್ಟಿದವಳು ನಾನು. ಕೇಳಿದಷ್ಟು ಕೊಟ್ಟ ದಿನ ಊಟ ರುಚಿಸುತ್ತಿರಲಿಲ್ಲ.

ಕಬ್ಬಿಗೊಂದು, ಹಾಲಿಗೊಂದು, ದ್ರಾಕ್ಷಿಗೊಂದು ಸಹಕಾರಿ ಸೊಸೈಟಿ ಹುಟ್ಟುತ್ತಿದ್ದ ಕಾಲ ಅದು. ದ್ರಾಕ್ಷಿ ಸೊಸೈಟಿಯವರು ಹುಳಿಯೆಂದು ಬದಿಗೆ ಸರಿಸಿದ ಗೊಂಚಲುಗಳನ್ನು ನಾನು ಅಗ್ಗಕ್ಕೆ ಎತ್ತುತ್ತಿದ್ದೆ. ಕುದಿಸಿ, ಹಿಂಡಿ, ಬೆಲ್ಲ ಜೀರಿಗೆ ಬೆರೆಸಿ ಹಿತ್ತಾಳೆಯ ಹಂಡೆಯಲ್ಲಿಟ್ಟರೆ ಮರುದಿನಕ್ಕೆ ಶರಬತ್ತು. ಹುಳಿ ಹಿತ್ತಾಳೆಗೆ ತಾಗಬಾರದೆಂದೇ ಒಳಗೆ ತವರದ ಲೇಪ, ಅಂದರೆ ಕಲಾಯಿ.

“ಹದಿನೆಂಟಕ್ಕ ಒಂದ್ ಪೈಸಾ ಕಮ್ಮಿ ಆಗೂದಿಲ್ರಿ ಅಕ್ಕಾರ. ತವರದ ರೇಟ್ ಕೇಳೀರೇನು?”

“ಕಲಾಯಿ ಹಾಕ್ತೀಯೋ, ಬೆಳ್ಳಿ ಬಳೀತೀಯೋ? ಬುಧಗಾಂವದಾಗ ಹತ್ತಕ್ಕ ಮಾಡ್ಕೊಡ್ತಾರ.”

ಅದು ಸುಳ್ಳು. ಸೆರಗು ಕೊಡವಿ ನಾಲ್ಕು ಹೆಜ್ಜೆ ಹೋದೆ. ಹಿಂದಿನಿಂದ ದನಿ ಬಂತು: “ಬರ್ರಿ, ಬರ್ರಿ. ಹನ್ನೊಂದಕ್ಕ ಹನ್ನೊಂದರ ಕಲಾಯಿ ಮಾಡ್ಕೊಡ್ತೇನ್ರಿ.”

ಗೆದ್ದೆನೆಂದು ನಕ್ಕೆ. ಅವನು ತಿದಿ ಒತ್ತಿದ, ಎರಚಿದ ನವಸಾಗರದ ಪುಡಿಯಿಂದ ಬಿಳಿ ಹೊಗೆ ಎದ್ದಿತು, ಹಂಡೆ ಕನ್ನಡಿಯಂತಾಯಿತು.

ಅದೇ ವಾರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಏಳು ತಿಂಗಳು ತುಂಬಿತ್ತು, ಹುಳಿಯ ಬಯಕೆ ವಿಪರೀತ. ದಿನಕ್ಕೆ ಎರಡು ಗ್ಲಾಸು. “ಅವ್ವಾ, ತಳದ್ದು ಹಾಕು, ತಳದಾಗ ಹುಳಿ ಜಾಸ್ತಿ.”

ಒಂಬತ್ತನೆಯ ದಿನ ತಳದ ಶರಬತ್ತನ್ನು ಅವಳ ಗ್ಲಾಸಿಗೆ ಬಗ್ಗಿಸಿ, ಖಾಲಿ ಹಂಡೆಯನ್ನು ಬಿಳಿ ಅರಿವೆಯಿಂದ ಒರೆಸಿದೆ. ಪೆನ್ಸಿಲ್ ತಿಕ್ಕಿದ ಹಾಗೆ ಅರಿವೆ ಕಪ್ಪಾಯಿತು. ಪಕ್ಕದ ಪಾತ್ರೆ ಅಂಗಡಿಯ ಮುದುಕರು, ತಾಮ್ರ ಬಡಿದೇ ಬಾಳಿದವರು, ನಾನು ಕರೆದಾಗ ಬಂದು ಹಂಡೆಯೊಳಗೆ ಬೆರಳಾಡಿಸಿದರು.

“ಎಷ್ಟ್ ಕೊಟ್ಟಿ?”

“ಹನ್ನೊಂದು, ಕಾಕಾ.”

“ಹನ್ನೊಂದಕ್ಕ ಪೂರಾ ತವರಾ ಎಲ್ಲಿಂದ ಬರಬೇಕವಾ? ಸೀಸಾ ಬೆರಸ್ಯಾನ. ಹುಳಿ ಸೀಸಾ ತಿಂತೈತಿ, ಹುಳಿನ ಮಂದಿ ಕುಡೀತಾರ. ಬಸರಿ ಹೆಂಗಸರಿಗೆ ಮಾತ್ರ ಕೊಡಬ್ಯಾಡ, ಆ ವಿಷ ಕೂಸಿಗೆ ಇಳೀತೈತಿ.”

ತಿರುಗಿದೆ. ಗ್ಲಾಸು ಮಗಳ ತುಟಿಯ ಹತ್ತಿರವಿತ್ತು. ಕೈಯಿಂದ ಬಡಿದು ಬೀಳಿಸಿದೆ.

“ಏನಾತವ್ವಾ, ಹಲ್ಲಿ ಬಿದ್ದಿತ್ತೇನು?” ಎಂದು ನಕ್ಕಳು.

ಅದೇ ಹಂಡೆಯಿಂದ ತುಂಬಿಟ್ಟಿದ್ದ ಎರಡು ಕೊಡಗಳನ್ನು ಗಿರಾಕಿಗಳೆದುರೇ ಗಟಾರಕ್ಕೆ ಸುರಿದು, ಕಾರಣವನ್ನೂ ಹೇಳಿದೆ. ಒಬ್ಬ ಹಮಾಲ ಕೇಳಿದ: “ನಿನ್ನಿ ಕುಡದದ್ದು ಏನ್ ಮಾಡೂದ್ರಿ?”

ಸುರಿದದ್ದಕ್ಕೂ ಕಾಕಾ ಬೈದರು: “ಗಟಾರ ಎಲ್ಲಿ ಹೋಕ್ಕೈತಿ? ಕೃಷ್ಣೆಗೆ, ಅಲ್ಲಿಂದ ಸಮುದ್ರಕ್ಕ. ಸೀಸಾ ಎಲ್ಲೂ ಸಾಯೂದಿಲ್ಲ, ಮುಂದಿನವರ ಮನಿಗೆ ಹೋಕ್ಕೈತಿ, ಅಷ್ಟ.”

ಕಲಾಯಿಯವನನ್ನು ಹುಡುಕಿ ಹಿಡಿದೆ. ಅವನು ತಿದಿ ಬಿಡಲೂ ಇಲ್ಲ. “ಹನ್ನೊಂದರದ್ದು ಅಂತ ಹೇಳಿದ್ದೆನಲ್ರಿ ಅಕ್ಕಾರ. ಜಳಕದ ನೀರಿಂದು ಅನ್ಕೊಂಡಿದ್ದೆ. ಹುಳಿ ಹಾಕ್ತೀನಿ ಅಂತ ನೀವರ ಹೇಳಿದ್ರೇನು?”

ಹೇಳಿರಲಿಲ್ಲ. ಅಂಗಡಿಯ ಹಂಡೆ ಎಂದರೆ ರೇಟು ಏರಿಸುತ್ತಾನೆಂದು ಬೇಕೆಂದೇ ಮುಚ್ಚಿಟ್ಟಿದ್ದೆ.

ಮಗಳನ್ನು ಡಾಕ್ಟರರಿಗೆ ತೋರಿಸಿದೆ. ನಿಲ್ಲಿಸಿದ್ದು ಒಳ್ಳೆಯದಾಯಿತು, ಹಾಲು ಕುಡಿಯಲಿ, ಎಷ್ಟು ಇಳಿದಿದೆಯೆಂದು ಈಗ ಹೇಳಲಾಗದು, ಕೂಸು ಬಂದ ಮೇಲೆ ನೋಡುತ್ತಿರಬೇಕು ಎಂದರು. ಎರಡು ತಿಂಗಳು ನಾನು ದಿನವೂ “ಕೂಸು ಮಿಸುಕ್ತೇನು?” ಎಂದು ಕೇಳಿ ಕೇಳಿ ಮಗಳಿಗೆ ಬೇಸರ ತರಿಸಿದೆ. ಮೊಮ್ಮಗಳು ಹುಟ್ಟಿದ ಕೂಡಲೇ ಅತ್ತಳು. ಎಲ್ಲರೂ ಸಕ್ಕರೆ ಹಂಚಿದರು. ನಾನು ಮಾತ್ರ ಅವಳ ತಲೆಯ ಹಿಂದೆ ಚಪ್ಪಾಳೆ ತಟ್ಟಿ, ತಿರುಗುತ್ತಾಳೋ ಇಲ್ಲವೋ ನೋಡುತ್ತಿದ್ದೆ. ಹದಿನೈದನೆಯ ತಿಂಗಳಿಗೆ ನಡೆದಳು. ತಡವಾಯಿತೋ, ಅವಳ ಗತಿಯೇ ಅಷ್ಟೋ, ಯಾರೂ ಹೇಳಲಿಲ್ಲ.

ನೀವು ಕಲಾಯಿ ಹಾಕಿಸುವವರಾದರೆ ಕೇಳಿ. ಚೌಕಾಶಿ ಕೂಲಿಯಲ್ಲಿ ಮಾಡಿ, ತವರದಲ್ಲಿ ಬೇಡ. ತವರ ನೀವೇ ತಂದುಕೊಡಿ. ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ: ಅಸಲಿ ತವರ ಕಿರ್ರೆನ್ನುತ್ತದೆ, ಸೀಸ ಸುಮ್ಮನೆ ಬಗ್ಗುತ್ತದೆ. ಬಿಳಿ ಕಾಗದದ ಮೇಲೆ ಎಳೆದಾಗ ಕಪ್ಪು ಗೀರು ಬಿದ್ದರೆ ಎದ್ದು ಬನ್ನಿ. ಅನುಮಾನವಿದ್ದರೆ ಹುಳಿಯನ್ನು ಪಿಂಗಾಣಿ ಬರಣಿಯಲ್ಲಿಡಿ. ಪಾತ್ರೆಗೆ ಏನು ಹಾಕುತ್ತೀರೆಂದು ಮೊದಲೇ ಹೇಳಿಬಿಡಿ, ರೇಟು ಏರಿದರೆ ಏರಲಿ. ಇನ್ನು, ಯಾವ ಕಸಬಿನವನೇ ಆಗಲಿ ಥಟ್ಟನೆ ನಿಮ್ಮ ರೇಟಿಗೆ ಒಪ್ಪಿಬಿಟ್ಟರೆ ನಗಬೇಡಿ. ಅಲ್ಲೇ ಕೂತು, ಏನು ಕಮ್ಮಿ ಹಾಕುತ್ತೀ ಎಂದು ಕೇಳಿ.