ಹನುಮವ್ವನ ಖೋಲಿ ಮತ್ತು ನನ್ನ ಹೊಟ್ಟೆಕಿಚ್ಚು

ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಓಣಿಯ ವೀರೇಶಪ್ಪನವರು ನಿನ್ನೆ ಇಲ್ಲಿ ಫೇಸ್‌ಬುಕ್ಕಿನಲ್ಲಿ ಬರೆದುದರಲ್ಲಿ ಎರಡು ತಪ್ಪುಗಳಿವೆ. ಹನುಮವ್ವನ ಕಾಲಿನ ಹುಣ್ಣು ಮಾಸಿದ್ದು ಯಾವುದೋ ಹೊಸ ಮುಲಾಮಿನಿಂದಲ್ಲ. ಓಣಿಯವರೆಲ್ಲ ಒಮ್ಮತದಿಂದ ಅವಳ ಖೋಲಿ ಉಳಿಸಿದರು ಎಂಬುದೂ ಸುಳ್ಳು.

ಹನುಮವ್ವ ಕುಷ್ಟಗಿ ಕಡೆಯವಳು. ಕೊಪ್ಪಳದ ಬಸ್ ನಿಲ್ದಾಣದ ಮೂಲೆಯಲ್ಲೇ ವರ್ಷಗಟ್ಟಲೆ ಮಲಗಿದವಳು. ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣು.

ಹುಣ್ಣು ಕೊಳೆತಾಗ ಆಂಬುಲೆನ್ಸ್, ವಾರ್ಡು, ಡ್ರೆಸ್ಸಿಂಗು. ಸ್ವಲ್ಪ ಗುಣವಾದೊಡನೆ ಮತ್ತೆ ಅದೇ ಹಸಿ ನೆಲ. ಇನ್ಸುಲಿನ್ ಇಟ್ಟುಕೊಳ್ಳಲು ಜಾಗವಿಲ್ಲ. ಮತ್ತೆ ಆಂಬುಲೆನ್ಸ್...

ಆಗ ಅವಳಿಗೆ ರೊಟ್ಟಿ ಒಯ್ಯುತ್ತಿದ್ದವಳು ನಾನು. ಬೇರೆಯವರು ಕೊಟ್ಟರೆ ಮುಟ್ಟುತ್ತಿರಲಿಲ್ಲ. ಆ ಬಗ್ಗೆ ನನಗೆ ಹೆಮ್ಮೆಯಿತ್ತು.

ಕಳೆದ ವರ್ಷ ಒಂದು ಸಂಸ್ಥೆಯವರು ನಮ್ಮ ಓಣಿಯಲ್ಲೇ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಇಂಥ ಮನೆಯಿಲ್ಲದವರಿಗೆ ತಲೆಗೊಂದು ಖೋಲಿ ಕೊಟ್ಟರು. ಗಂಗಾವತಿಯ ರೇಣುಕಾ ಎಂಬ ನರ್ಸ್ ಬಂದು ನೋಡಿಕೊಳ್ಳುತ್ತಾಳೆ. ಹುಣ್ಣು ಮಾಸಿತು. ಆಂಬುಲೆನ್ಸ್ ಬರುವುದು ನಿಂತಿತು.

ಒಂದು ದಿನ ರೊಟ್ಟಿ ಕಟ್ಟಿಕೊಂಡು ಹೋಗಿ ಅವಳ ಬಾಗಿಲು ಬಡಿದೆ.

"ಯಾರು?"

"ನಾನು."

"ನಾನು ಅಂದ್ರ ಯಾರ್ರಿ?"

ಇಷ್ಟು ವರ್ಷಗಳ ನಂತರ!

ಬಾಗಿಲು ತೆರೆದು, "ಟೀಚರಮ್ಮಾರ, ಅಲ್ಲಿಡ್ರಿ. ನಂದು ಊಟ ಆತು. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತ ನಮ್ಮ ರೇಣವ್ವ ಹೇಳ್ಯಾಳ," ಎಂದಳು.

ಅದೇ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆ! ನನ್ನ ಮಾತು ಕೇಳಿದ್ದಳೇ? ನನಗಾದದ್ದು ಹೊಟ್ಟೆಕಿಚ್ಚು. ಇದಕ್ಕೆ ಬೇಸರ ಎಂಬ ಪದ ಬಳಸಿದರೆ ತಪ್ಪಾಗುತ್ತದೆ.

ಮುಂದಿನ ಭಾನುವಾರ ವೀರೇಶಪ್ಪನವರು ಆ ಮನೆಯ ಮುಂದೆ ಓಣಿಯವರನ್ನು ಕೂಡಿಸಿದರು.

"ಸಂಸಾರಸ್ಥರ ಓಣಿ ಐತ್ರಿ ಇದು. ಇವ್ರು ಮೊದಲ ಎಲ್ಲಿದ್ರು ಅಲ್ಲೇ ಇರಲಿ. ಹೆಂಗೂ ನಮ್ಮ ಮೇಡಮ್ಮಾರು ರೊಟ್ಟಿ ಕೊಡ್ತಾರ."

ಮನೆಯ ಮಾಲೀಕ ಬಸವರಾಜ ನನ್ನ ಹಳೆಯ ವಿದ್ಯಾರ್ಥಿ. "ಮೇಡಮ್ಮಾರು ಖಾಲಿ ಮಾಡಿಸು ಅಂದ್ರ ನಾಳೆನ ಮಾಡಸ್ತೀನ್ರಿ," ಎಂದ.

ಎಲ್ಲರೂ ನನ್ನ ಕಡೆ ನೋಡುತ್ತಿದ್ದಾರೆ. ನಾನು ಹೂಂ ಎಂದರೆ ಸಾಕು, ಹನುಮವ್ವ ಮತ್ತೆ ಬಸ್ ನಿಲ್ದಾಣಕ್ಕೆ, ಮತ್ತೆ ನನ್ನ ರೊಟ್ಟಿಗೆ. ಆ ಯೋಚನೆ ಒಂದು ಗಳಿಗೆ ಹಿತವಾಗಿಯೇ ಇತ್ತು...

ಅಷ್ಟರಲ್ಲಿ ಹನುಮವ್ವ ಹೊರಗೆ ಬಂದಳು. ಎರಡೂ ಕಾಲಿಗೆ ಚಪ್ಪಲಿ ಹಾಕಿದ್ದಳು. ಬ್ಯಾಂಡೇಜಿಲ್ಲದ ಆ ಪಾದವನ್ನು ನಾನು ಅಂದೇ ಮೊದಲು ನೋಡಿದ್ದು.

"ಬಿಸಲಾಗ ಯಾಕ ನಿಂತೀರಿ? ನನ್ನ ಹೊರಗ ಹಾಕೋದಾದ್ರೂ ಒಳಗ ಕುಂತು ಮಾತಾಡ್ರಿ. ಚಾ ಇಟ್ಟೀನಿ."

ಕೆಲವರು ನಕ್ಕರು. ನಾನು ಬಸವರಾಜನಿಗೆ ಹೇಳಿದೆ: "ಆಕಿ ದವಾಖಾನಿಗೆ ಅಡ್ಡಾಡಿದ ಖರ್ಚಿನ್ಯಾಗ ಇಂಥಾ ಎಷ್ಟ ಖೋಲಿ ಬಾಡಿಗಿ ಹಿಡೀಬಹುದಿತ್ತು. ಸರಕಾರದ ಆ ರೊಕ್ಕ ನಮ್ದ ಅಲ್ಲೇನು? ಖಾಲಿ ಮಾಡಿಸಬ್ಯಾಡ."

"ನಿಮಗ್ಯಾಕ್ರಿ ಆಕಿ ಮ್ಯಾಲ ಇಷ್ಟು ಪ್ರೀತಿ?" ಎಂದು ಕೆಣಕಿದ ವೀರೇಶಪ್ಪನವರು ಚಪ್ಪಲಿ ಬಿಟ್ಟು ಒಳಗೆ ಬಾರದೆ ತಮ್ಮ ಮನೆಗೆ ಹೊರಟುಹೋದರು. ಅವರ ಹಿಂದೆ ಅರ್ಧ ಓಣಿ ಹೋಯಿತು, ಉಳಿದವರಲ್ಲೂ ಹೆಚ್ಚಿನವರು ಹೊರಗಿನಿಂದಲೇ ಚದುರಿದರು. ಇದು ಒಮ್ಮತವೇ?

ಪ್ರೀತಿಯಿಂದ ಹೇಳಿದೆನೆಂದು ತಾವೂ ಭಾವಿಸಬೇಡಿ. ಹನುಮವ್ವ ಮೊದಲ ಕಪ್ ಚಹಾ ಕೊಟ್ಟದ್ದು ಅಂದು ಅವಳನ್ನು ನೋಡಲು ಬಂದಿದ್ದ ರೇಣುಕಾಳಿಗೆ. ನನಗೆ ಎರಡನೆಯದು. ಅದು ಈಗಲೂ ಒಳಗೆ ಚುಚ್ಚುತ್ತದೆ.

ಆ ಖೋಲಿಯಲ್ಲಿ ಕುಳಿತು ಸಕ್ಕರೆಯಿಲ್ಲದ ಚಹಾ ಕುಡಿದವರ ಹೆಸರುಗಳನ್ನಾದರೂ ಸರಿಯಾಗಿ ದಾಖಲಿಸುತ್ತೇನೆ: ಬಸವರಾಜ, ಅವನ ಹೆಂಡತಿ ಶಾಂತಾ, ಹಿಟ್ನಾಳದಿಂದ ಬಂದಿದ್ದ ನನ್ನ ತಂಗಿ ಗಿರಿಜಾ, ನರ್ಸ್ ರೇಣುಕಾ, ನಾನು, ಮತ್ತು ಆ ಮನೆಯಾಕೆ ಹನುಮವ್ವ.